ಒಗ್ಗರಣೆ ಇಲ್ಲದ ಸಾರು

ಅವತ್ತು ಅಡಿಗೆಮನೆಯಲ್ಲಿ ನಾವು ಐದು ಮಂದಿ ಇದ್ದೆವು. ಒಲೆಯ ಮುಂದೆ ಅಣ್ಣನ ಹೆಂಡತಿ, ನಮ್ಮ ವೈನಿ, ರೊಟ್ಟಿ ಬಡಿಯುತ್ತಿದ್ದಳು. ಬಾಗಿಲಿಗೆ ಒರಗಿ ಅಣ್ಣ ಪೇಪರು ಹಿಡಿದು ನಿಂತಿದ್ದ. ರವಿವಾರ, ಅವನ ಬ್ಯಾಂಕಿಗೆ ಸೂಟಿ. ಹಿತ್ತಲ ಬಾಗಿಲಲ್ಲಿ ಬಾಜೂ ಮನೆಯ ಕಾಕೂ. ಕರಿಬೇವು ಕೇಳಲು ಬಂದವರು, ಕರಿಬೇವು ಕೈಗೆ ಬಂದು ಅರ್ಧ ತಾಸಾದರೂ ಹೋಗಿರಲಿಲ್ಲ. ನಾನು ಊರಲ್ಲೇ ಕೊಟ್ಟ ಮಗಳು. ವಡಗಾವಿಯಿಂದ ಸ್ಕೂಟಿ ಮೇಲೆ ವಾರಕ್ಕೊಮ್ಮೆ ತವರಿಗೆ ಬಂದು, ಬಿಸಿ ರೊಟ್ಟಿ ತಿಂದು, ವೈನಿಗೆ ನಾಲ್ಕು ಬುದ್ಧಿಮಾತು ಹೇಳಿ ಹೋಗುವವಳು. ನಮ್ಮೆಲ್ಲರ ನಡುವೆ, ಬಿಳಿ ಪ್ಲಾಸ್ಟಿಕ್ ಕುರ್ಚಿಯಲ್ಲಿ, ಅವ್ವ.

ಅವ್ವನ ತೊಡೆಯ ಮೇಲೆ ಮೆಂತೆಸೊಪ್ಪಿನ ಬುಟ್ಟಿ ಇತ್ತು. ಈಳಿಗೆ ಕೊಡುವುದು ಬಿಟ್ಟು ಒಂದು ವರ್ಷದ ಮೇಲಾಗಿತ್ತು. ಸೊಪ್ಪು ಬಿಡಿಸು ಅಂತ ಕೊಟ್ಟರೆ ಎಲೆಯನ್ನು ನೆಲಕ್ಕೆ ಚೆಲ್ಲಿ ಕಡ್ಡಿಯನ್ನು ಬುಟ್ಟಿಗೆ ಹಾಕುತ್ತಿದ್ದಳು. ವೈನಿ ಏನೂ ಅನ್ನುತ್ತಿರಲಿಲ್ಲ. ಆಮೇಲೆ ನೆಲದಿಂದ ಎಲೆ ಆರಿಸಿ, ಮೂರು ಸಲ ತೊಳೆದು, ಪಲ್ಯ ಮಾಡುತ್ತಿದ್ದಳು.

ಕೈ ನಿಲ್ಲಿಸಿ ಅವ್ವ ಕೇಳಿದಳು, "ಅಲ್ಲೋ, ನಿಮ್ಮಪ್ಪ ಇನ್ನೂ ಬರಲಿಲ್ಲಲ್ಲ?"

ರೊಟ್ಟಿ ಬಡಿಯುವ ಸಪ್ಪಳ ನಿಂತಿತು. ಕಾಕೂ ಮಾತಾಡುವುದನ್ನು ನಿಲ್ಲಿಸಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಅಣ್ಣ ಪೇಪರು ಮಡಚಿಟ್ಟು ಬಂದು ಅವ್ವನ ಮುಂದೆ ಕುಕ್ಕರಗಾಲಲ್ಲಿ ಕುಂತ. ಅವ್ವನ ಕೈ ತನ್ನ ಕೈಯಲ್ಲಿ ಹಿಡಿದುಕೊಂಡ.

"ಅವ್ವಾ, ಅಪ್ಪ ತೀರಿಕೊಂಡಾನ."

"ಯಾವಾಗ?"

"ಆರು ವರ್ಷಾತವ್ವಾ. ನೀನ ಬಾಯಾಗ ನೀರ ಬಿಟ್ಟಿ. ನೆನಪಿಲ್ಲೇನು?"

ಆರು ವರ್ಷ ಅನ್ನುವುದು ಅವ್ವನಿಗೆ ಕೇಳಿಸಲಿಲ್ಲ. ತೀರಿಕೊಂಡಾನ ಅನ್ನುವುದಷ್ಟೇ ಕೇಳಿಸಿತು. ಬುಟ್ಟಿ ಕೆಳಗಿಟ್ಟು ಎದ್ದಳು, ವೈನಿಯ ಭುಜದ ಮೇಲಿಂದ ಕೈ ಚಾಚಿ ಗ್ಯಾಸಿನ ಕಿವಿ ತಿರುವಿದಳು. ಹಂಚಿನ ಮೇಲೆ ಉಬ್ಬುತ್ತಿದ್ದ ರೊಟ್ಟಿ ಹಾಗೇ ಕುಗ್ಗಿ ಕುಂತಿತು.

"ಮನ್ಯಾಗ ಹೆಣಾ ಇಟಗೊಂಡು ಒಲಿ ಹಚ್ಚೀರೇನ? ನಾಚಿಕಿಲ್ಲ ನಿಮಗ?" ಅಂದಳು. ಅಣ್ಣನ ಕಡೆ ತಿರುಗಿ, ಅಪ್ಪನ ತಂಗಿಯ ನೆನಪಾಗಿ, "ಲೋಂಡಾಕ ನಿಮ್ಮತ್ತಿಗಿ ತಿಳಿಸಿದ್ಯಾ?" ನನ್ನ ಕಡೆ ತಿರುಗಿ, "ನೀ ಯಾವಾಗ ಬಂದಿ? ಮುಖಾ ನೋಡಿದಿ?" ಮತ್ತೆ ಕುರ್ಚಿಗೆ ಹೋಗಿ ಕುಂತು ಸೆರಗು ಬಾಯಿಗೆ ಒತ್ತಿಕೊಂಡಳು. ಆರು ವರ್ಷದ ಹಿಂದೆ ಅತ್ತ ಹಾಗೆಯೇ ಅತ್ತಳು, ಅಷ್ಟೇ ಹೊತ್ತು, ಅಷ್ಟೇ ಸಣ್ಣ ದನಿಯಲ್ಲಿ.

ನಮ್ಮ ಕಡೆ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಓಣಿಯವರು ಬೇಯಿಸಿ ತರುತ್ತಾರೆ, ಮನೆಯವರು ಅದನ್ನೇ ಉಣ್ಣುತ್ತಾರೆ. ತರುವ ಸಾರಿಗೂ ಒಗ್ಗರಣೆ ಹಾಕುವುದಿಲ್ಲ. ಸಾಸಿವೆ ಚಟಪಟ ಅನ್ನುವುದು ನಗುವ ಮನೆಯ ಸಪ್ಪಳ ಅಂತ ನಮ್ಮಜ್ಜಿ ಹೇಳುತ್ತಿದ್ದಳು. ಎಲ್ಲ ಮನೆಗಳಲ್ಲೂ ಇದು ನಡೆದದ್ದೇ. ಆದರೆ ಉಳಿದವರ ಮನೆಯಲ್ಲಿ ಸಾವು ಹತ್ತು ವರ್ಷಕ್ಕೊಮ್ಮೆ ಬರುತ್ತಿತ್ತು. ನಮ್ಮ ಮನೆಗೆ ವಾರಕ್ಕೆ ಮೂರು ಸಲ, ಒಮ್ಮೊಮ್ಮೆ ದಿನಕ್ಕೆ ಎರಡು ಸಲ ಬರುತ್ತಿತ್ತು. ಬಂದಾಗಲೆಲ್ಲ ಅವ್ವ ಒಲೆ ಆರಿಸುತ್ತಿದ್ದಳು, ಆರಿಸಿದ ಮೇಲೆ ಮನೆಯ ಅನ್ನ ಮುಟ್ಟುತ್ತಿರಲಿಲ್ಲ.

ಸುಳ್ಳು ಹೇಳಬಾರದಿತ್ತೇ, ಅಪ್ಪ ಹೊರಗೆ ಹೋಗಿದ್ದಾನೆ ಅಂದುಬಿಟ್ಟರೆ ಆಗುತ್ತಿರಲಿಲ್ಲವೇ ಅಂತ ನೀವು ಕೇಳುತ್ತೀರಿ. ನಾನೂ ಅಣ್ಣನನ್ನು ಕೇಳಿದ್ದೆ. ಅದಕ್ಕೆ ಉತ್ತರ ಹೇಳಬೇಕೆಂದರೆ ಒಂದು ಹೋಳಿಗೆಯ ಕತೆ ಹೇಳಬೇಕು.

ಅವ್ವ ಮದುವೆಯಾಗಿ ಬೆಳಗಾವಿಗೆ ಬಂದ ಮೊದಲ ವರ್ಷ. ತವರು ಖಾನಾಪುರದ ಆಚೆ ಒಂದು ಸಣ್ಣ ಹಳ್ಳಿ, ಮನೆಯೊಳಗೆ ಮರಾಠಿ, ಮನೆ ಹೊರಗೆ ಕನ್ನಡ. ಹೋಳಿ ಹುಣ್ಣಿಮೆಯ ದಿನ. ನಮ್ಮಜ್ಜ ರವಿವಾರ ಪೇಟೆಯ ಬೆಲ್ಲದ ಅಂಗಡಿಯಲ್ಲಿ ಕೆಲಸಕ್ಕಿದ್ದ. ಹಳ್ಳಿಯಿಂದ ಬಂದವನೊಬ್ಬ ಅಂಗಡಿಗೆ ಬಂದು, ನಿಮ್ಮ ಸೊಸೆಯ ಅಪ್ಪ ಬೆಳಿಗ್ಗೆ ತೀರಿಕೊಂಡ ಅಂತ ಹೇಳಿ ಹೋದ. ಅಜ್ಜ ಮನೆಗೆ ಬಂದು ಅಜ್ಜಿಯ ಕಿವಿಯಲ್ಲಿ ಹೇಳಿದ. ಅಜ್ಜಿ ಆಗ ಹೋಳಿಗೆ ಬೇಯಿಸುತ್ತಿದ್ದಳು. ಹೊಸ ಸೊಸೆಯನ್ನು ಹಬ್ಬದ ದಿನ ಅಳಿಸಬಾರದು, ಉಪವಾಸ ಕಳಿಸಬಾರದು ಅಂದುಕೊಂಡಳು. ಪಕ್ಕದಲ್ಲಿ ಕೂಡಿಸಿಕೊಂಡು, ತುಪ್ಪ ಹಾಕಿ, ಇನ್ನೊಂದು ತಿನ್ನು ಇನ್ನೊಂದು ತಿನ್ನು ಅಂತ ಉಣ್ಣಿಸಿ, ಬಾಯಿ ಒರೆಸಿಕೊಂಡ ಮೇಲೆ ಹೇಳಿದಳು. ಅವ್ವ ಬಸ್ಸು ಹತ್ತಿ ಊರು ಮುಟ್ಟುವ ಹೊತ್ತಿಗೆ ಅವಳಪ್ಪ ಬೂದಿಯಾಗಿದ್ದ.

ಅಜ್ಜಿಯೇ ಈ ಕತೆಯನ್ನು ನಮಗೆ ಹೇಳುತ್ತಿದ್ದಳು, ಕೊನೆಗೆ ಪ್ರತಿಸಲ, "ತಪ್ಪ ಮಾಡಿದೆ. ಬಾಯಾಗ ಹೋಳಿಗಿ ಇಟ್ಟು ತಪ್ಪ ಮಾಡಿದೆ" ಅನ್ನುತ್ತಿದ್ದಳು. ಅವ್ವ ಅಜ್ಜಿಯ ಮೇಲೆ ಯಾವತ್ತೂ ಸಿಟ್ಟು ಮಾಡಿದವಳಲ್ಲ. ಹೋಳಿಗೆ ಮಾತ್ರ ಮತ್ತೆ ತಿನ್ನಲಿಲ್ಲ. ನಮಗೆಲ್ಲ ಬಡಿಸಿ ತಾನು ಮಜ್ಜಿಗೆ ಅನ್ನ ಉಣ್ಣುತ್ತಿದ್ದಳು. ಒಂದೇ ಒಂದು ಸಲ ಅಂದದ್ದು ನನಗೆ ನೆನಪಿದೆ: "ಅಪ್ಪ ಸುಡಾಕತ್ತಿದ್ದಾಗ ನಾ ತಿನ್ನಾಕತ್ತಿದ್ದೆ."

ಅಪ್ಪ ದವಾಖಾನೆಯಲ್ಲಿ ಕೊನೆಯ ದಿನಗಳನ್ನು ಎಣಿಸುತ್ತಿದ್ದಾಗ ಅವ್ವ ಅಣ್ಣನ ಕೈಯನ್ನು ತನ್ನ ತಲೆಯ ಮೇಲೆ ಇಟ್ಟುಕೊಂಡು ಮಾತು ತಗೊಂಡಳು. "ಯಾರ ಸತ್ತರೂ ಆ ಗಳಿಗ್ಯಾಗ ನನಗ ಹೇಳಬೇಕು. ಮುಚ್ಚಿಟ್ಟರ ನೀ ನನ್ನ ಮಗ ಅಲ್ಲ." ಅಣ್ಣ ಮಾತು ಉಳಿಸಿಕೊಂಡ. ಅವ್ವ ಹೊತ್ತಿಗೆ ಸರಿಯಾಗಿ ಬಂದು ಅಪ್ಪನ ಬಾಯಿಗೆ ನೀರು ಬಿಟ್ಟಳು, ಮುಖ ನೋಡಿದಳು. ಆ ಮಾತು ಅಲ್ಲಿಗೆ ಮುಗಿಯಿತು ಅಂತ ನಾನು ತಿಳಿದಿದ್ದೆ. ಅಣ್ಣನಿಗೆ ಮುಗಿದಿರಲಿಲ್ಲ. ಅವ್ವ ಮರೆತಳು ಅಂದಮಾತ್ರಕ್ಕೆ ತಾನು ಮರೆಯಬೇಕೇ ಅನ್ನುವುದು ಅವನ ವಾದ. ಅವ್ವ ಕೇಳಿದಾಗಲೆಲ್ಲ ಹೇಳಿದ. ಹೇಳಿ ಹೇಳಿ ಅವ್ವನನ್ನು ಅದೆಷ್ಟು ಸಲ ವಿಧವೆ ಮಾಡಿದನೋ ದೇವರೇ ಬಲ್ಲ.

ಬಾಜೂ ಮನೆಯ ತಾಟಿನ ಉಪಾಯ ಹೂಡಿದವಳು ವೈನಿ. ಅವ್ವ ಮನೆಯ ಅನ್ನ ಒಲ್ಲೆ ಅಂದಾಗ, ಅದೇ ಅನ್ನ ಅದೇ ಸಾರನ್ನು ತಾಟಿಗೆ ಹಾಕಿ ಗೋಡೆಯ ಮೇಲಿಂದ ಕಾಕೂಗೆ ದಾಟಿಸಿದಳು. ಕಾಕೂ ಮುಂದಿನ ಬಾಗಿಲಿಂದ ಬಂದು, "ಅಕ್ಕಾರ, ನಮ್ಮ ಮನಿಯಿಂದ ತಂದೇನ್ರಿ, ಒಂದೆರಡ ತುತ್ತ ಉಣ್ಣರ್ರಿ" ಅಂತ ಮುಂದಿಟ್ಟರು. ಅವ್ವ ತಾಟಿನ ಹತ್ತಿರ ಮೂಗು ತಂದು ಮುಖ ಸಿಂಡರಿಸಿದಳು.

"ಒಗ್ಗರಣಿ ವಾಸನಿ ಬರಾಕತ್ತೈತಲ್ಲ. ಸತ್ತ ಮನಿಗಿ ಒಗ್ಗರಣಿ ಹಾಕಿ ಕಳಿಸ್ತಾರೇನ ಯಾರರ? ನಿಮ್ಮವ್ವ ಏನೂ ಕಲಿಸಿಲ್ಲೇನ ನಿಮಗ?"

ಮಗಳ ಹೆಸರು ಮರೆತವಳು, ಬಚ್ಚಲಿನ ದಾರಿ ಮರೆತವಳು, ಒಗ್ಗರಣೆ ಮರೆತಿರಲಿಲ್ಲ. ಕಾಕೂ ಬೈಸಿಕೊಂಡು ಗೋಡೆಯಾಚೆ ಹೋಗಿ ನಕ್ಕರು, ಆಮೇಲೆ ಅತ್ತರು. ಅಂದಿನಿಂದ ವೈನಿ ದಿನಾ ಒಂದು ಪಾತ್ರೆಯಲ್ಲಿ ಒಗ್ಗರಣೆ ಇಲ್ಲದ ಸಾರು ತೆಗೆದಿಡತೊಡಗಿದಳು. ಉಪಾಯ ಕೆಲವು ತಿಂಗಳು ನಡೆಯಿತು. ಆದರೆ ಕಾಕೂಗೆ ಬಾಯಿ ಸುಮ್ಮನಿರದು. ತಾಟು ಇಟ್ಟವರು ನಲ್ಲಿ ನೀರು ಬಂದದ್ದು, ಹಾಲಿನವನು ಬಾರದ್ದು ಎಲ್ಲ ಹೇಳುತ್ತ ಕೂಡುತ್ತಿದ್ದರು. ಅವ್ವನಿಗೆ ಅನುಮಾನ ಬರುತ್ತಿತ್ತು. ಸಾವಿನ ಮನೆಯಲ್ಲಿ ಹೀಗೆ ಹರಟೆ ಹೊಡೆಯುವವರುಂಟೇ ಅಂತ ಕೈ ತೊಳೆದುಬಿಡುತ್ತಿದ್ದಳು. ಅವಳ ಜಂಪರಿನ ತೋಳು ವಾರ ವಾರಕ್ಕೆ ಸಡಿಲಾಗುತ್ತಿತ್ತು. ವೈನಿ ಹೊಲಿಗೆ ಹಾಕಿ ಬಿಗಿ ಮಾಡುತ್ತಿದ್ದಳು, ಮತ್ತೆ ಸಡಿಲಾಗುತ್ತಿತ್ತು.

ಒಂದು ದಿನ ಅಣ್ಣ ಬೆಳಿಗ್ಗೆ ಸುದ್ದಿ ಹೇಳಿ ಬ್ಯಾಂಕಿಗೆ ಹೋಗಿದ್ದ. ವೈನಿ ಸ್ನಾನಕ್ಕೆ ಹೋದಾಗ ಅವ್ವ ಚಿಲಕ ತೆಗೆದು ನಡೆದೇಬಿಟ್ಟಳು. ಅವಳ ಸೆರಗಿನ ಒಳಗೆ ವೈನಿ ಒಂದು ಚೀಟಿ ಪಿನ್ ಮಾಡಿದ್ದಳು, ಅದರಲ್ಲಿ ಫೋನ್ ನಂಬರು. ಮಧ್ಯಾಹ್ನ ಸಾಂಬ್ರಾದ ವಿಮಾನ ನಿಲ್ದಾಣದ ಹತ್ತಿರದ ಒಂದು ಚಹಾದಂಗಡಿಯಿಂದ ಫೋನ್ ಬಂತು. ನಾನೂ ಅಣ್ಣನೂ ಓಡಿ ಹೋದರೆ ಅವ್ವ ಬೆಂಚಿನ ಮೇಲೆ ಬರಿಗಾಲಲ್ಲಿ ಕುಂತಿದ್ದಳು. ವಿಮಾನವೊಂದು ಇಳಿಯುತ್ತಿತ್ತು. ಅದನ್ನು ನೋಡಿ, ಈ ಗಾಡಿ ಲೋಂಡಾದಾಗ ನಿಂದರತೈತೇನು ಅಂತ ಅಂಗಡಿಯವನನ್ನು ಕೇಳುತ್ತಿದ್ದಳಂತೆ. ಅವನು ಪುಣ್ಯಾತ್ಮ, "ಇದು ನಿಂದರೂದಿಲ್ರಿ ಆಯಿ, ಮುಂದಿಂದಕ್ಕ ಹೋಗೀರಂತ, ಕುಂದರ್ರಿ" ಅಂತ ಕೂಡಿಸಿಕೊಂಡಿದ್ದ.

"ಎಲ್ಲಿ ಹೊಂಟಿದ್ದೆವ್ವಾ?" ಅಂದೆ.

"ನಿಮ್ಮತ್ತಿಗಿ ತಿಳಿಸಾಕ. ನೀವ್ಯಾರೂ ತಿಳಿಸಲಿಲ್ಲ. ನಾನರ ಹೋಗಿ ಹೇಳಬೇಕಲ್ಲ."

ಅಂಗಡಿಯವನು ಕೊಟ್ಟ ಬಿಸ್ಕಿಟು ಮುಟ್ಟದೆ ಪಕ್ಕದಲ್ಲಿಟ್ಟಿದ್ದಳು.

ಅವತ್ತು ಮನೆಗೆ ಬಂದ ಮೇಲೆ ವೈನಿ ಮೊದಲನೆಯ ಸಲ ದನಿ ಎತ್ತಿದಳು. "ನನ್ನ ಕೈಲೆ ಇನ್ನ ಆಗೂದಿಲ್ರಿ. ಅತ್ಯಾರು ಉಪವಾಸ ಸಾಯಾಕತ್ತಾರ, ಅದೂ ನನ್ನ ಅಡಿಗಿಮನ್ಯಾಗ" ಅಂದಳು. ನಾನು ಸಾಲೆಯಲ್ಲಿ ಜೊತೆಗೆ ಕಲಿಸುವ ಟೀಚರೊಬ್ಬರಿಂದ ಖಾನಾಪುರದ ಒಂದು ಮನೆಯ ವಿಷಯ ಕೇಳಿದ್ದೆ. ಮರೆವಿನ ರೋಗದ ಹಿರಿಯರನ್ನು ಇಟ್ಟುಕೊಂಡು ನೋಡುವ ಮನೆ. ಹೇಳಿದೆ. ಲೋಂಡಾದ ಅತ್ತೆಗೆ ಸುದ್ದಿ ಮುಟ್ಟಿದ್ದೇ ಫೋನಿನಲ್ಲಿ, "ಎರಡ ಮಕ್ಕಳಿದ್ದೂ ಹಡದಾಕೀನ ಹಾಸ್ಟೆಲಿಗೆ ಹಾಕ್ತೀರೇನ? ಶಾಣ್ಯಾ ಅದೀರಿ ಬಿಡ್ರಿ" ಅಂದಳು. ಆ ಮಾತು ಅಣ್ಣನ ಹೊಟ್ಟೆಯಲ್ಲಿ ಬಹಳ ದಿನ ಉಳಿಯಿತು. ನನ್ನ ಹೊಟ್ಟೆಯಲ್ಲೂ.

ಖಾನಾಪುರದ ಆ ಮನೆಗೆ ಹಂಚಿನ ಮಾಡು, ಮುಂದೆ ಉದ್ದನೆಯ ಕಟ್ಟೆ, ಕಂಪೌಂಡಿನ ಸುತ್ತ ಗೋಡೆ, ಗೋಡೆಗೆ ತಾಗಿ ಹಿರಿಯರು ಸುತ್ತು ಹಾಕಲು ಒಂದು ದಾರಿ. ದಾರಿ ಎಲ್ಲಿಂದ ಹೊರಟರೂ ತಿರುಗಿ ಕಟ್ಟೆಗೇ ಬರುತ್ತಿತ್ತು. ಹನ್ನೆರಡು ಮಂದಿ ಇದ್ದರು. ನಡೆಸುವವರು ಮೊದಲು ನರ್ಸ್ ಆಗಿದ್ದವರು. ಎಲ್ಲರೂ ಸಿಸ್ಟರ್ ಅನ್ನುತ್ತಿದ್ದರು. ಅವರು ನಮ್ಮನ್ನು ಕೂಡಿಸಿ ಮೊದಲು ಹೇಳಿದ ಮಾತು ಇದು:

"ಇಲ್ಲಿಂದ ಗುಣಾ ಆಗಿ ಯಾರೂ ಮನಿಗಿ ಹೋಗಿಲ್ರಿ. ಅಂಥಾ ಆಸೆ ಇಟಗೊಂಡ ಬಂದಿದ್ರ ಇಲ್ಲೇ ಬಿಟ್ಟಬಿಡ್ರಿ. ದಿನಾ ಚೊಲೋ ಹೋಗೂಹಂಗ ನೋಡ್ತೇವಿ. ಅಷ್ಟ ನಮ್ಮ ಕೈಯಾಗ ಇರೂದು."

ಆಮೇಲೆ ರೋಗದ ಬಗ್ಗೆ ಕೇಳಲಿಲ್ಲ. ಅವ್ವನ ಬಗ್ಗೆ ಕೇಳಿದರು. ಯಾವ ಮಗ್ಗುಲಲ್ಲಿ ಮಲಗುತ್ತಾರೆ, ಚಹಾ ಬಸಿಯಲ್ಲೋ ಕಪ್ಪಿನಲ್ಲೋ, ಸಿಟ್ಟು ಬಂದರೆ ಯಾರ ಮಾತು ಕೇಳುತ್ತಿದ್ದರು, ತಲೆಗೆ ಯಾವ ಎಣ್ಣೆ. ನಾನು ಹೆತ್ತ ಮಗಳು, ಅರ್ಧಕ್ಕೆ ಉತ್ತರ ಗೊತ್ತಿರಲಿಲ್ಲ. ವೈನಿ ನೋಟ್‌ಬುಕ್ಕಿನ ನಾಲ್ಕು ಹಾಳೆ ಬರೆದು ತಂದಿದ್ದಳು. ಕೊನೆಯ ಹಾಳೆಯಲ್ಲಿ ಬಾಜೂ ಮನೆಯ ತಾಟಿನ ವಿಷಯವಿತ್ತು. ಸಿಸ್ಟರ್ ಅದನ್ನು ಎರಡು ಸಲ ಓದಿ, ಒಬ್ಬ ಮೌಶಿಯನ್ನು ಕರೆದು ಓದಿ ಹೇಳಿದರು. ಅಲ್ಲಿ ಹಿರಿಯರನ್ನು ನೋಡಿಕೊಳ್ಳುವ ಹೆಂಗಸರನ್ನು ಮೌಶಿ ಅನ್ನುತ್ತಾರೆ. ಈ ಮೌಶಿ ಐವತ್ತರ ಆಸುಪಾಸು, ಗಟ್ಟಿ ಮೈ, ಕಾಲಲ್ಲಿ ಸ್ವಲ್ಪ ಕುಂಟು. ಅವ್ವನ ತವರಿನ ಕಡೆಯವಳೇ, ಅದೇ ಮರಾಠಿ ಬೆರೆತ ಮಾತು.

ನಾವು ಹೊರಡುವಾಗ ಅವ್ವ ಕಟ್ಟೆಯ ಮೇಲೆ ಕುಂತು, "ನಿಮ್ಮಪ್ಪಗ ಹೇಳಿ ಬಂದೀರಿಲ್ಲ?" ಅಂದಳು. ನಾನು ಅಣ್ಣನ ಅಂಗಿ ಹಿಡಿದು ಎಳೆದೆ. ಅವನು ಬಿಡಿಸಿಕೊಂಡು ಹೇಳಿಯೇ ಹೇಳಿದ. ಅವ್ವ ಕೈಯಲ್ಲಿದ್ದ ಚಹಾದ ಬಸಿ ಕೆಳಗಿಟ್ಟಳು.

ಮೌಶಿ ಇದನ್ನು ದೂರದಿಂದ ನೋಡಿದಳು, ಒಳಗೆ ಹೋದಳು. ಸ್ವಲ್ಪ ಹೊತ್ತಿನ ಮೇಲೆ ಹಿಂದಿನ ಬಾಗಿಲಿಂದ ಹೊರಬಿದ್ದು, ಕಂಪೌಂಡಿನ ಹೊರಗೆ ಸುತ್ತಿ, ಮುಂದಿನ ಗೇಟಿನಿಂದ ಬಂದಳು. ಚಪ್ಪಲಿ ಗೇಟಿನಲ್ಲೇ ಬಿಟ್ಟಿದ್ದಳು. ತಲೆಯ ಮೇಲೆ ಸೆರಗು, ಕೈಯಲ್ಲಿ ಬಟ್ಟೆ ಮುಚ್ಚಿದ ತಾಟು. ಬಂದವಳು ಮಾತಾಡಲಿಲ್ಲ. ಅವ್ವನ ಪಕ್ಕ ಕುಂತಳು. ಬಹಳ ಹೊತ್ತು ಸುಮ್ಮನೆ ಕುಂತಳು. ಅವ್ವ ಅವಳ ಮೊಣಕಾಲ ಮೇಲೆ ಕೈ ಇಟ್ಟಳು. ಆಗ ಮೌಶಿ ತಾಟು ಮುಂದೆ ಸರಿಸಿ ಮೆತ್ತಗೆ, "ಬಾಜೂ ಮನಿಯಿಂದ ತಂದೇನ್ರಿ ಆಯಿ. ಒಗ್ಗರಣಿ ಹಾಕಿಲ್ರಿ" ಅಂದಳು.

ಅವ್ವ ಉಂಡಳು. ತಾಟು ಖಾಲಿಯಾಗುವ ತನಕ ಉಂಡಳು. ವೈನಿ ಗೇಟಿನ ಹೊರಗೆ ನಿಂತು ಕಣ್ಣೊರೆಸಿಕೊಂಡು, "ಕಾಕೂಗ ಕುಂದರಾಕ ಬರಲಿಲ್ಲ ನೋಡ್ರಿ. ತರಾಕ ಬಂತು, ಕುಂದರಾಕ ಬರಲಿಲ್ಲ" ಅಂದಳು.

ಅಲ್ಲಿ ಅವ್ವ ಅಪ್ಪನನ್ನು ಕೇಳಿದರೆ ಯಾರೂ ಸತ್ತ ಅನ್ನುತ್ತಿರಲಿಲ್ಲ, ಬರುತ್ತಾನೆ ಅಂತಲೂ ಅನ್ನುತ್ತಿರಲಿಲ್ಲ. ಮೌಶಿ ತಿರುಗಿ ಕೇಳುತ್ತಿದ್ದಳು. "ಯಾವ ಗಾಡಿಗಿ ಬರ್ತಾರ್ರಿ ಆಯಿ?" ಅಪ್ಪ ಲೋಂಡಾ ಸ್ಟೇಷನ್ನಿನಲ್ಲಿ ಕೆಲಸಕ್ಕಿದ್ದವನು. ಡ್ಯೂಟಿ ಮುಗಿಸಿ ಗಾಡಿ ಹತ್ತಿ ಬೆಳಗಾವಿಗೆ ಬರುತ್ತಿದ್ದ. ಅವ್ವ, "ಸಂಜೀ ಗಾಡಿಗಿ" ಅನ್ನುತ್ತಿದ್ದಳು. "ಬರೂಮುಂದ ಏನ ತರ್ತಾರ್ರಿ?" "ಏನ ತರ್ತಾನ, ಮೈ ತುಂಬ ಕರೀ ಧೂಳಾ ತರ್ತಾನ." ಹಾಗೆ ಮಾತು ಧೂಳಿಗೆ, ಧೂಳಿನಿಂದ ಅರಿವೆ ಒಗೆಯುವುದಕ್ಕೆ, ಅಲ್ಲಿಂದ ಬಾವಿಗೆ, ಬಾವಿಯಿಂದ ಅವಳ ತವರಿಗೆ ಹರಿದು ಹೋಗುತ್ತಿತ್ತು. ಅಷ್ಟರಲ್ಲಿ ತಾಟು ಖಾಲಿಯಾಗಿರುತ್ತಿತ್ತು.

ಆದರೆ ಅಣ್ಣ ರವಿವಾರ ರವಿವಾರ ಹೋಗುತ್ತಿದ್ದ. ಅವ್ವ ಅಣ್ಣನ ಮುಖ ನೋಡಿದ ಕೂಡಲೇ ಅಪ್ಪನ ನೆನಪು ತೆಗೆಯುತ್ತಿದ್ದಳು. ಅಣ್ಣನ ಮೂಗು, ಹುಬ್ಬು ಎಲ್ಲ ಅಪ್ಪನದೇ. ಅವಳು ಕೇಳುತ್ತಿದ್ದಳು, ಇವನು ಹೇಳುತ್ತಿದ್ದ. ಎರಡು ತಿಂಗಳಾದ ಮೇಲೆ ಸಿಸ್ಟರ್ ನಮ್ಮಿಬ್ಬರನ್ನೂ ಒಳಗೆ ಕರೆದರು. ಮೌಶಿಯೂ ಬಾಗಿಲಲ್ಲಿ ನಿಂತಿದ್ದಳು.

"ನೀವು ಬಂದ ಹೋದ ಮ್ಯಾಲ ಅವರು ಎರಡ ದಿನ ಊಟಾ ಸರೀ ಮಾಡೂದಿಲ್ರಿ. ಮೌಶಿ ತಾಟಾ ಹಿಡಕೊಂಡು ಹೊರಗಿಂದ ಸುತ್ತಿ ಬರ್ತಾಳ, ಒಮ್ಮೊಮ್ಮೆ ಮೂರ ಸರ್ತೆ ಬರ್ತಾಳ. ಅಕೀ ಕಾಲೂ ನೋಡ್ರಿ."

ಅಣ್ಣ ತಲೆ ತಗ್ಗಿಸಿದ. "ನಾ ಅವ್ವಗ ಮಾತ ಕೊಟ್ಟೇನ್ರಿ. ಸಾವಿನ ಸುದ್ದಿ ಮುಚ್ಚಿಡೂದಿಲ್ಲ ಅಂತ. ಹಂಗ ಹ್ಯಾಂಗ ಸುಳ್ಳ ಹೇಳ್ಲಿ?"

ಬಾಗಿಲಿಂದ ಮೌಶಿ ಅಂದಳು, "ಮಾತ ನೀವ ಕೊಟ್ಟೀರಿ ಸಾಹೇಬ್ರ, ನಾ ಕೊಟ್ಟಿಲ್ಲಲ್ರಿ. ಆಯಿ ಕೇಳಿದ ಕೂಡ್ಲೆ ನನ್ನ ಕರೀರಿ. ನೀವು ಎದ್ದ ಹೋಗಿ ಆ ಪೇರಲ ಗಿಡದ ಬುಡಕ ನಿಂದರ್ರಿ. ಏನ ಪಾಪ ಬಂದ್ರೂ ನನ್ನ ಕಡೆ ಇರ್ಲಿ. ನನಗ ಒಂದ ಹೆಚ್ಚಾದ್ರೇನು, ಒಂದ ಕಡಿಮಿ ಆದ್ರೇನು."

ಹಾಗೇ ಆಯಿತು. ಅವ್ವ "ನಿಮ್ಮಪ್ಪ..." ಅಂತ ಬಾಯಿ ತೆರೆದ ಕೂಡಲೇ ಅಣ್ಣ ಎದ್ದು ಪೇರಲ ಗಿಡದ ಕಡೆ ನಡೆಯುತ್ತಿದ್ದ. ನಿವೃತ್ತಿಗೆ ಬಂದ ಬ್ಯಾಂಕಿನ ಮನುಷ್ಯ ಶಿಕ್ಷೆಯಾದ ಹುಡುಗನ ಹಾಗೆ ಗಿಡದ ಕಡೆ ಮುಖ ಮಾಡಿ ನಿಲ್ಲುವುದನ್ನು ಕಟ್ಟೆಯಿಂದ ನೋಡುತ್ತಿದ್ದೆ. ಮೌಶಿ ಬಂದು ಕುಂತು, "ಯಾವ ಗಾಡಿಗಿ ಬರ್ತಾರ್ರಿ?" ಅನ್ನುತ್ತಿದ್ದಳು. ಆರು ವಾರದಲ್ಲಿ ಅವ್ವನ ಜಂಪರಿನ ಹೊಲಿಗೆ ಬಿಚ್ಚಬೇಕಾಯಿತು.

ಲೋಂಡಾದ ಅತ್ತೆ ಒಮ್ಮೆ ಬೆಳಗಿನ ಗಾಡಿಗೆ ಬಂದು ಇಡೀ ದಿನ ಅವ್ವನ ಪಕ್ಕ ಕುಂತಳು. ಅವ್ವನ ತಲೆ ಬಾಚಿದ್ದು, ಉಗುರು ಕತ್ತರಿಸಿದ್ದು, ಬೆನ್ನಿನ ಮೇಲೆ ಒಂದೂ ಹುಣ್ಣಿಲ್ಲದ್ದು ಎಲ್ಲ ಪರೀಕ್ಷೆ ಮಾಡಿದಳು. ಹೊರಡುವಾಗ ಸಿಸ್ಟರಿಗೆ, "ನನಗೂ ಒಂದ ಮಂಚಾ ಹಿಡದಿಡ್ರಿ ಸಿಸ್ಟರ್" ಅಂದಳು. ನನ್ನ ಕಡೆ ನೋಡಲಿಲ್ಲ. ಹಾಸ್ಟೆಲಿನ ಮಾತು ವಾಪಸು ತಗೊಂಡದ್ದು ಹಾಗೆ.

ಇಷ್ಟಕ್ಕೆ ಕತೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಆದರೆ ಸಿಸ್ಟರ್ ಮೊದಲ ದಿನವೇ ಹೇಳಿದ್ದರಲ್ಲ.

ಎರಡನೆಯ ವರ್ಷದ ಮಳೆಗಾಲದಲ್ಲಿ ಒಂದು ರವಿವಾರ ಅವ್ವ ಅಪ್ಪನನ್ನು ಕೇಳಲಿಲ್ಲ. ಅಣ್ಣ ಕಾದ. ಮುಂದಿನ ರವಿವಾರವೂ ಕೇಳಲಿಲ್ಲ. ಅಣ್ಣ ಬೇಕಂತಲೇ ಅವಳ ಎದುರಿಗೆ ಕುಂತು, ಮುಖ ಬೆಳಕಿಗೆ ಹಿಡಿದು ಕಾದ. ಅವ್ವ ಅವನ ಅಂಗಿಯ ಗುಂಡಿಯನ್ನು ತಿರುವುತ್ತಿದ್ದಳು, ಗ್ಯಾಸಿನ ಕಿವಿ ತಿರುವಿದ ಹಾಗೆ. ಯಾವ ಮಾತಿಗೆ ಅಷ್ಟು ವರ್ಷ ಹೆದರಿದ್ದೆವೋ ಆ ಮಾತು ಬರಲಿ ಅಂತ ಈಗ ಇಬ್ಬರೂ ಬಾಯಿ ನೋಡುತ್ತ ಕುಂತಿದ್ದೆವು. ಬರಲಿಲ್ಲ. ಅಪ್ಪ ಆ ದಿನ ಸತ್ತ ಅಂತ ನನಗೆ ಅನ್ನಿಸಿತು. ಯಾರೂ ಹೇಳಬೇಕಾಗಿರಲಿಲ್ಲ.

ಆಮೇಲೆ ಒಂದೊಂದೇ ಹೋಯಿತು. ಕನ್ನಡ ಹೋಯಿತು, ಚಿಕ್ಕಂದಿನ ಮರಾಠಿ ಕೆಲವು ದಿನ ಉಳಿಯಿತು, ಅದೂ ಹೋಯಿತು. ನಡಿಗೆ ಹೋಯಿತು. ಕೊನೆಗೆ ನುಂಗುವುದು ಹೋಯಿತು. ಮೌಶಿ ಒಂದು ಬಟ್ಟಲು ಗಂಜಿಗೆ ಒಂದು ತಾಸು ಕೂಡುತ್ತಿದ್ದಳು. ಚಮಚದ ತುದಿಯಲ್ಲಿ ಸ್ವಲ್ಪ ಇಟ್ಟು, ಗಂಟಲ ಮೇಲೆ ಬೆರಳಿಂದ ಮೇಲಿಂದ ಕೆಳಗೆ ಸವರಿ, ಇಳಿಯಿತೇ ಅಂತ ನೋಡಿ, ಮತ್ತೆ ಸ್ವಲ್ಪ. ಒಂದು ದಿನ ನಾನು, "ಸಾಕ್ರಿ ಮೌಶಿ, ನಿಮಗೂ ದಣಿವಾಗತೈತಿ" ಅಂದೆ. "ಉಣ್ಣೂದು ಅವರ ಕೆಲಸಾ. ಕುಂದರೂದು ನನ್ನ ಕೆಲಸಾ. ಅವರ ಕೆಲಸಾ ಅವರು ಬಿಟ್ಟಾರ ಅಂತ ನಾ ಬಿಡಾಕ ಬರೂದಿಲ್ರಿ" ಅಂದಳು.

ಬಂಧುಗಳು ಕೇಳುತ್ತಾರೆ, ಅಲ್ಲಿ ಸುಖವಾಗಿದ್ದರೇ ಅಂತ. ನನಗೆ ಗೊತ್ತಿಲ್ಲ. ಉಪವಾಸ ಇರಲಿಲ್ಲ, ಕೊಳಕಾಗಿ ಇರಲಿಲ್ಲ, ಹೆದರಿಕೆಯಲ್ಲಿ ಒಬ್ಬಳೇ ಇರಲಿಲ್ಲ. ಇಷ್ಟು ಗೊತ್ತು. ಅದಕ್ಕೆ ಆ ಮನೆಯವರ ಕಾಲಿಗೆ ಬೀಳಬೇಕು ಅನ್ನಿಸುತ್ತದೆ, ಬಿದ್ದೂ ಇದ್ದೇನೆ. ಆದರೆ ಉಪಕಾರ ನೆನೆದರೆ ಮನಸ್ಸು ಹಗುರಾಗುತ್ತದೆ ಅನ್ನುವುದು ನನ್ನ ಪಾಲಿಗೆ ಸುಳ್ಳು. ಅವರು ಅಷ್ಟು ಚೆನ್ನಾಗಿ ನೋಡಿಕೊಂಡರೂ ಅವ್ವ ಹೋಗುತ್ತಲೇ ಇದ್ದಳು. ಅವರು ಚೆನ್ನಾಗಿ ನೋಡಿಕೊಂಡದ್ದಕ್ಕೇ ಅದನ್ನು ನಾವು ಕಣ್ಣಾರೆ, ನಿಧಾನಕ್ಕೆ, ಪೂರ್ತಿ ನೋಡಬೇಕಾಯಿತು. ಅದಕ್ಕೆ ಮುಂಚೆ ಮನೆಯಲ್ಲಿ ನಾವು ಹೇಳಿದ ಖರೇ ಮಾತುಗಳ ಲೆಕ್ಕ ಯಾರೂ ತೀರಿಸಲಾರರು. ಮೌಶಿಯೂ ಅಲ್ಲ.

ಕೊನೆಯ ವಾರ ಅಣ್ಣ ರಜೆ ಹಾಕಿ ಅಲ್ಲೇ ಇದ್ದ. ಒಂದು ಮಧ್ಯಾಹ್ನ ನಾನು ಹೋದಾಗ ಅವನು ಅವ್ವನ ಕಿವಿಗೆ ಬಾಯಿ ಹಚ್ಚಿ ಏನೋ ಹೇಳುತ್ತಿದ್ದ. ಬಾಗಿಲಲ್ಲೇ ನಿಂತೆ.

"ಅವ್ವಾ, ಅಪ್ಪ ಬರಾಕತ್ತಾನ. ಸಂಜೀ ಗಾಡಿಗಿ ಬರ್ತಾನ. ಲೋಂಡಾ ಬಿಟ್ಟಾನ ಅಂತ ಫೋನ್ ಬಂದಿತ್ತು."

ಇಷ್ಟು ವರ್ಷದಲ್ಲಿ ಅವ್ವನಿಗೆ ಅಣ್ಣ ಹೇಳಿದ ಮೊದಲ ಸುಳ್ಳು. ಅವ್ವನ ರೆಪ್ಪೆ ಕೂಡ ಅಲುಗಲಿಲ್ಲ. ಕೇಳುವ ಅವ್ವ ಇದ್ದಾಗ ಅವನಿಗೆ ಬರದಿದ್ದ ಮಾತು, ಕೇಳುವವರು ಯಾರೂ ಉಳಿಯದ ಮೇಲೆ ಬಂತು. ಮತ್ತೆ ಮತ್ತೆ ಹೇಳಿದ. ಮೌಶಿ ಗಂಜಿಯ ಬಟ್ಟಲು ಹಿಡಿದು ನನ್ನ ಹಿಂದೆ ಬಂದು ನಿಂತಳು. ಒಳಗೆ ಹೋಗಲಿಲ್ಲ. ಅವನು ಹೇಳಿ ಮುಗಿಸುವ ತನಕ ನನ್ನ ಜೊತೆ ಬಾಗಿಲಲ್ಲೇ ನಿಂತಿದ್ದಳು, ಗಂಜಿ ಆರಿತು.

ಮೂರು ದಿನದ ಮೇಲೆ ಬೆಳಿಗ್ಗೆ ಅವ್ವ ಹೋದಳು. ಬೆಳಗಾವಿಗೆ ತಂದೆವು. ಕಾಕೂ ಈಗ ಮಗಳ ಊರಿಗೆ ಹೋಗಿಬಿಟ್ಟಿದ್ದಾರೆ. ಅವರ ಮನೆಗೆ ಬೀಗ. ಎದುರಿಗೆ ಹೊಸದಾಗಿ ಎದ್ದ ಫ್ಲಾಟಿನವರಿಗೆ ನಮ್ಮ ಪರಿಚಯವಿಲ್ಲ. ಸ್ಮಶಾನದ ಕೆಲಸ ಮುಗಿಸಿಕೊಂಡು ಬಂದು, ಸ್ನಾನ ಮಾಡಿ, ಎಲ್ಲರೂ ಪಡಸಾಲೆಯಲ್ಲಿ ಕುಂತಿದ್ದೆವು. ಒಲೆ ಆರಿತ್ತು. ಹೋಟೆಲಿನಿಂದ ತರಿಸೋಣವೇ ಅಂತ ಯಾರೋ ಅಂದರು. ವೈನಿ ಬೇಡ ಅಂತ ತಲೆ ಅಲ್ಲಾಡಿಸಿದಳು.

ಸಂಜೆ ಐದರ ಹೊತ್ತಿಗೆ ಮೌಶಿ ಬಂದಳು. ಖಾನಾಪುರದಿಂದ ಬಸ್ಸಿಗೆ ಬಂದಿದ್ದಳು. ಚಪ್ಪಲಿ ಗೇಟಿನಲ್ಲಿ ಬಿಟ್ಟು, ತಲೆಯ ಮೇಲೆ ಸೆರಗು ಹೊದ್ದು, ಕುಂಟುತ್ತ ಒಳಗೆ ಬಂದು, ಎರಡು ದೊಡ್ಡ ಡಬ್ಬಿ ನೆಲಕ್ಕಿಟ್ಟು ವೈನಿಯ ಪಕ್ಕ ಕುಂತಳು. ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಡಬ್ಬಿಯ ಮುಚ್ಚಳ ತೆಗೆದಳು. ಒಂದರಲ್ಲಿ ಅನ್ನ, ಒಂದರಲ್ಲಿ ಸಾರು. ಅಣ್ಣ ಬಗ್ಗಿ ಸಾರಿನ ವಾಸನೆ ನೋಡಿದ. ಒಗ್ಗರಣೆ ಇರಲಿಲ್ಲ. ವೈನಿ ತಾಟು ತಂದಳು. ನಾವು ಉಂಡೆವು.